ಸ್ವೀಡನ್ನಿನ ಉಪ್ಸಲಾದಲ್ಲಿ ಪಿಎಚ್‌ಡಿ ಜಾಗ ಸಿಕ್ಕಿದ್ದು ಹೀಗೆ

ಶಿವಮೊಗ್ಗದ ಕಡೆ ಭೌತಶಾಸ್ತ್ರ ಎಂ.ಎಸ್ಸಿ. ಮುಗಿಸಿದಾಗ ನನಗೆ ಗೊತ್ತಿದ್ದದ್ದು ಒಂದೇ ದಾರಿ. ನೆಟ್ ಪರೀಕ್ಷೆ ಬರೆದು, ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ತಗೊಂಡು, ಗೈಡ್ ಹುಡುಕುವುದು. ಎರಡು ಸಲ ಬರೆದೆ, ಜೆಆರ್‌ಎಫ್ ಬರಲಿಲ್ಲ. ಆಗ ಸೀನಿಯರ್ ಅಕ್ಕ ಒಬ್ಬರು ಸ್ವೀಡನ್ನಿನ ಪಿಎಚ್‌ಡಿ ಜಾಗದ ಜಾಹೀರಾತೊಂದನ್ನು ಕಳಿಸಿದರು.

ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿ ಅಂದರೆ ಸಾಮಾನ್ಯವಾಗಿ ವಿಶ್ವವಿದ್ಯಾಲಯದ ನೌಕರ. ಫೀಸ್ ಇಲ್ಲ, ತಿಂಗಳ ಸಂಬಳ ಇದೆ. ಸಂಶೋಧನೆಗೆ 4 ವರ್ಷ. ಪಾಠ ಮಾಡುವ ಕೆಲಸ ಹೆಚ್ಚೆಂದರೆ ಶೇ. 20. ಅಷ್ಟನ್ನೂ ಮಾಡಿದರೆ ಒಟ್ಟು 5 ವರ್ಷ ಹಿಡಿಯುತ್ತದೆ. ಎಲ್ಲರಿಗೂ ಒಟ್ಟಿಗೆ ಪ್ರವೇಶ ಪರೀಕ್ಷೆ ಅಂತ ಇಲ್ಲ. ಜಾಗ ಇದ್ದಾಗ ಅರ್ಜಿ ಕರೆಯುತ್ತಾರೆ. ಅರ್ಹತೆಗೆ ಮಾಸ್ಟರ್ಸ್ ಪದವಿ, ಇಲ್ಲವೇ 240 ಕ್ರೆಡಿಟ್ ಬೇಕು, ಅದರಲ್ಲಿ ಕನಿಷ್ಠ 60 ಮಾಸ್ಟರ್ಸ್ ಮಟ್ಟದ್ದಿರಬೇಕು. ಒಂದು ವರ್ಷದ ಓದಿಗೆ 60 ಕ್ರೆಡಿಟ್ ಲೆಕ್ಕ. ನಮ್ಮ 3 ವರ್ಷದ ಬಿ.ಎಸ್ಸಿ., 2 ವರ್ಷದ ಎಂ.ಎಸ್ಸಿ. ಓದಿದವರು ಧೈರ್ಯವಾಗಿ ಹಾಕಬಹುದು.

ಮೊದಲ ಆರು ಅರ್ಜಿಗೂ ಒಂದೇ ಪತ್ರ ಕಳಿಸಿದ್ದೆ. ಒಂದಕ್ಕೂ ಸಂದರ್ಶನ ಬರಲಿಲ್ಲ. ಏಳನೆಯದು ಉಪ್ಸಲಾ ವಿಶ್ವವಿದ್ಯಾಲಯದ್ದು. ಈ ಸಲ ಜಾಹೀರಾತಿನ ಪ್ರಿಂಟ್ ತೆಗೆದು, ಅವರು ಕೇಳಿದ ಒಂದೊಂದು ಸಾಲಿನ ಪಕ್ಕ ನನ್ನ ಹತ್ತಿರ ಏನಿದೆ ಅಂತ ಬರೆಯುತ್ತಾ ಹೋದೆ. ತೆಳು ಪದರ ತಯಾರಿಸಿದ ಅನುಭವ ಅಂತಿದ್ದ ಸಾಲಿಗೆ ಬಂದಾಗ ಎಂ.ಎಸ್ಸಿ. ಪ್ರಾಜೆಕ್ಟ್ ನೆನಪಾಯಿತು.

ಗಾಜಿನ ಮೇಲೆ ಜಿಂಕ್ ಆಕ್ಸೈಡ್ ಪದರ ಮಾಡುತ್ತಿದ್ದೆ. ದ್ರಾವಣದ ಹನಿ ಹಾಕಿ, ನಿಮಿಷಕ್ಕೆ 3000 ಸುತ್ತು ತಿರುಗಿಸಿ, ಆಮೇಲೆ ಕಾಯಿಸುವುದು. ಬೇಸಿಗೆಯಲ್ಲಿ ಪದರ ಗಾಜಿನಷ್ಟೇ ತಿಳಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ದ್ರಾವಣ, ಅದೇ ವೇಗ, ಆದರೆ ಮಜ್ಜಿಗೆ ಕುಡಿದಿಟ್ಟ ಲೋಟದ ಹಾಗೆ ಮಬ್ಬು. ಮೂರು ವಾರ ದಿನಾ ಗಾಳಿಯ ತೇವಾಂಶ ಬರೆದಿಟ್ಟೆ. ತೇವ ಜಾಸ್ತಿ ಇದ್ದ ದಿನವೇ ಮಬ್ಬೂ ಜಾಸ್ತಿ. ಗಾಜನ್ನು ಮೊದಲೇ ಬೆಚ್ಚಗೆ ಮಾಡಿ, ತಿರುಗಿಸಿದ ಕೂಡಲೇ ಹಾಟ್‌ಪ್ಲೇಟಿಗೆ ಇಡಲು ಶುರು ಮಾಡಿದ ಮೇಲೆ ಸರಿಹೋಯಿತು.

ಇದನ್ನೇ ಪತ್ರದ ಮೊದಲಿಗೆ ಬರೆದೆ. ಅಂಕಪಟ್ಟಿ ಹೇಗೂ ಜೊತೆಗೆ ಹೋಗುತ್ತದೆ, ಮತ್ತೆ ಪತ್ರದಲ್ಲೂ ಸುಮ್ನೆ ಯಾಕೆ ಹೇಳಬೇಕು ಅಲ್ವಾ?

ವಿಡಿಯೊ ಸಂದರ್ಶನದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಆ ಮಬ್ಬಿನದೇ ಮಾತು. ತೇವಾಂಶವೇ ಕಾರಣ ಅಂತ ಹೇಗೆ ಹೇಳುತ್ತೀರಿ, ಒಣ ದಿನದಲ್ಲಿ ಬೇಕಂತಲೇ ತೇವ ಮಾಡಿ ನೋಡಿದ್ರಾ ಅಂತ ಕೇಳಿದರು. ನೋಡಿರಲಿಲ್ಲ. ಇಲ್ಲ ಅಂತಲೇ ಹೇಳಿದೆ. ಮುಚ್ಚಿದ ಡಬ್ಬಿಯಲ್ಲಿ ನೀರಿನ ಬಟ್ಟಲಿಟ್ಟು ಮಾಡಿ ನೋಡಬಹುದಿತ್ತು ಅಂದೆ. ಪ್ರೊಫೆಸರ್ ಅದನ್ನು ಬರೆದುಕೊಂಡರು.

ಶಿಫಾರಸಿಗೆ ಹೆಸರು ಕೊಡುವ ಮೊದಲು ನಿಮ್ಮ ಮೇಷ್ಟ್ರಿಗೆ ಒಂದು ಮಾತು ಹೇಳಿಡಿ. ಅವರಿಗೆ ನೇರವಾಗಿ ಮೇಲ್ ಬರುತ್ತದೆ.

ಆಯ್ಕೆಯಾಗಿ ಕೆಲಸದ ಕರಾರು ಬಂದಾಗ ಅಮ್ಮನಿಗೆ ಗಾಬರಿ. "ಒಂದೇ ವರ್ಷಕ್ಕಾ ಅಷ್ಟು ದೂರ ಹೋಗೋದು?" ಅಲ್ಲಿನ ನಿಯಮದಲ್ಲಿ ಮೊದಲ ಕರಾರು 1 ವರ್ಷ ಮೀರುವಂತಿಲ್ಲ, ಆಮೇಲೆ ಒಂದು ಸಲಕ್ಕೆ 2 ವರ್ಷದವರೆಗೆ ಮುಂದುವರಿಸುತ್ತಾರೆ ಅಂತ ಕೂತು ಬಿಡಿಸಿ ಹೇಳಿದೆ. ನಾನೀಗ ಎರಡನೇ ಕರಾರಿನಲ್ಲಿದ್ದೇನೆ.