ಹಳೆಯ ಕಂಪ್ಯೂಟರಿಗೆ ವಿಂಡೋಸ್ 11: ಹಾಕುವ ಮುನ್ನ ಏನೇನು ನೋಡಿಕೊಳ್ಳಬೇಕು?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಿಮ್ಮ ಯಂತ್ರಕ್ಕೆ ಒಗ್ಗುತ್ತದೆಯೇ ಎಂದು ಹೇಳಲು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಎಂಬ ಆ್ಯಪ್ ಇದೆ. ಆದರೆ ಅದು ನೋಡುವುದು ಕಂಪ್ಯೂಟರನ್ನು ಮಾತ್ರ. ಅದಕ್ಕೆ ಜೋಡಿಸಿರುವ ಪ್ರಿಂಟರ್, ಸ್ಕ್ಯಾನರ್‌ಗಳ ಗೊಡವೆಗೆ ಹೋಗುವುದಿಲ್ಲ. ಅಪ್‌ಗ್ರೇಡ್ ಆದ ಮೇಲೆ ಕೈಕೊಡುವುದು ಹೆಚ್ಚಾಗಿ ಇವೇ.

ಮೊದಲು ಕಡತಗಳನ್ನೆಲ್ಲ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು, ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಕಂಪ್ಯೂಟರನ್ನು ಶುರುಮಾಡುವ ವ್ಯವಸ್ಥೆಗೆ) ಕೈಹಾಕುವ ಮುಂಚೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಕಂಪ್ಯೂಟರ್ ಆ ಕೀ ಕೇಳುತ್ತ ಕೂರಬಹುದು.

ಇನ್ನು ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆಯಿರಿ. ಪ್ರೊಸೆಸರ್ ಸಾಲಿನಲ್ಲಿ ಐ5-7200ಯು ಎಂದಿದ್ದರೆ ಅದು ಇಂಟೆಲ್‌ನ ಏಳನೇ ತಲೆಮಾರು, ಐ5-8250ಯು ಎಂದಿದ್ದರೆ ಎಂಟನೆಯದು. ಸ್ಥೂಲವಾಗಿ ಹೇಳುವುದಾದರೆ ಎಂಟರಿಂದ ಮುಂದಿನವು ನಡೆಯುತ್ತವೆ. ಎಎಂಡಿಯವರ ರೈಜೆನ್ 2000 ಸರಣಿಯಲ್ಲಿ ಕೆಲವಕ್ಕೆ ಮಾನ್ಯತೆ ಇಲ್ಲ. ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ನಿಮ್ಮ ಮಾದರಿಯ ಹೆಸರನ್ನೇ ಹುಡುಕಿ. ರ್‍ಯಾಮ್ 4 ಜಿಬಿ, ಡಿಸ್ಕ್ 64 ಜಿಬಿ ಸಾಕೆಂದು ನಿಯಮ ಹೇಳುತ್ತದೆ. ನಮ್ಮ ಸಲಹೆ: 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ವಿಂಡೋಸ್ ಸೆಕ್ಯೂರಿಟಿಯ ಡಿವೈಸ್ ಸೆಕ್ಯೂರಿಟಿ ಪುಟದಲ್ಲಿ ಟಿಪಿಎಂ (ಭದ್ರತೆಯ ಕೀಗಳನ್ನು ಕಾಪಾಡುವ ಚಿಪ್) ಆವೃತ್ತಿ 2.0 ಎಂದು ಕಾಣಬೇಕು. ಕಾಣದಿದ್ದರೆ ಚಿಪ್ ಇಲ್ಲವೆಂದು ತೀರ್ಮಾನಿಸಬೇಡಿ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಬಯಾಸ್‌ನಲ್ಲಿ ಆಫ್ ಆಗಿರುತ್ತದೆ: ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಿ.

ಹೆಚ್ಚು ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯಾಸ್ ಮೋಡ್ ಲೆಗಸಿ (ಹಳೆಯ ಬೂಟ್ ವಿಧಾನ) ಎಂದಿದೆಯೆಂದು ಬಯಾಸ್‌ಗೆ ಹೋಗಿ ನೇರವಾಗಿ ವಿಂಡೋಸ್ 11ಕ್ಕೆ ಬೇಕಾದ ಹೊಸ ವಿಧಾನವಾದ ಯುಇಎಫ್‌ಐಗೆ ಬದಲಿಸಿಬಿಡುತ್ತಾರೆ. ಕಂಪ್ಯೂಟರ್ ಬೂಟ್ ಆಗುವುದೇ ಇಲ್ಲ. ಲೆಗಸಿಯಲ್ಲಿ ಹಾಕಿದ ವಿಂಡೋಸ್ ಎಂಬಿಆರ್ ಡಿಸ್ಕ್‌ನಲ್ಲಿರುತ್ತದೆ, ಯುಇಎಫ್‌ಐಗೆ ಜಿಪಿಟಿ ಬೇಕು (ಎರಡೂ ಡಿಸ್ಕ್‌ನ ವಿಭಾಗಗಳ ಪಟ್ಟಿ ಇಡುವ ಬಗೆಗಳು). ವಿಂಡೋಸ್‌ನಲ್ಲೇ ಇರುವ ಎಂಬಿಆರ್‌2ಜಿಪಿಟಿ ಈ ಪರಿವರ್ತನೆ ಮಾಡಿಕೊಡುತ್ತದೆ. ಮೊದಲು ಅದರ ವ್ಯಾಲಿಡೇಟ್ ಆಯ್ಕೆ ಓಡಿಸಿ. ಇದು ಡಿಸ್ಕ್‌ನಲ್ಲಿ ಏನನ್ನೂ ಬದಲಿಸದೆ ಪರೀಕ್ಷೆಯಷ್ಟೇ ಮಾಡುತ್ತದೆ. ಡಿಸ್ಕ್‌ನಲ್ಲಿ ನಾಲ್ಕು ಪ್ರೈಮರಿ ಪಾರ್ಟಿಷನ್‌ಗಳಿದ್ದರೆ (ವಿಭಾಗಗಳಿದ್ದರೆ) ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇದ್ದರೆ ವಿಫಲವಾಗುತ್ತದೆ. ಪರಿವರ್ತನೆ ಮುಗಿದ ಬಳಿಕವೇ ಬಯಾಸ್‌ನಲ್ಲಿ ಯುಇಎಫ್‌ಐ ಆರಿಸಿ, ಆಮೇಲೆ ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಬೂಟ್ ಆಗಲು ಬಿಡುವ ಕಾವಲು) ಆನ್ ಮಾಡಿ.

ಈಗ ಜೋಡಿಸಿರುವ ಸಾಧನಗಳ ಸರದಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿ ಇಲ್ಲ, 32 ಬಿಟ್ ಡ್ರೈವರ್‌ಗಳು (ಸಾಧನಗಳನ್ನು ನಡೆಸುವ ತಂತ್ರಾಂಶಗಳು) ಅದರಲ್ಲಿ ನಡೆಯುವುದೂ ಇಲ್ಲ. ಹಾಗಾಗಿ ಹಳೆಯ ಸ್ಕ್ಯಾನರ್, ಸೌಂಡ್ ಕಾರ್ಡ್ ಒಂದೊಂದಕ್ಕೂ 64 ಬಿಟ್ ಡ್ರೈವರ್ ಇದೆಯೇ ಎಂದು ತಯಾರಕರ ತಾಣದಲ್ಲಿ ನೋಡಿ. ಮಾದರಿ ಯಾವುದೆಂದು ಗೊತ್ತಿಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಸಾಧನದ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ತೆರೆಯಿರಿ. ಬೋರ್ಡಿಗೆ ಜೋಡಿಸಿದ ಕಾರ್ಡ್‌ಗಳಾದರೆ ವೆನ್ (VEN) ಎಂಬುದರ ಮುಂದಿನ ನಾಲ್ಕು ಚಿಹ್ನೆಗಳು ತಯಾರಕರನ್ನು ಗುರುತಿಸುತ್ತವೆ: 8086 ಇಂಟೆಲ್‌ನದು, 10ಇಸಿ ರಿಯಲ್‌ಟೆಕ್‌ನದು. ಡೆವ್ (DEV) ಮುಂದಿನವು ಮಾದರಿಯನ್ನು ಹೇಳುತ್ತವೆ. ವೈಫೈ ಡ್ರೈವರನ್ನಂತೂ ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳಿ. ಇಂಟರ್‌ನೆಟ್ಟೇ ಬಾರದಿದ್ದಾಗ ಮಿಕ್ಕ ಡ್ರೈವರ್‌ಗಳನ್ನು ಇಳಿಸಿಕೊಳ್ಳುವುದಾದರೂ ಹೇಗೆ?

ಪ್ರೊಸೆಸರೇ ಅನರ್ಹವಾದರೆ ತಪಾಸಣೆ ತಪ್ಪಿಸಿ ಹಾಕುವ ಅಡ್ಡದಾರಿಗಳಿವೆ; ಅಂಥ ಯಂತ್ರಗಳಿಗೆ ಅಪ್‌ಡೇಟ್‌ಗಳ ಖಾತರಿ ಇಲ್ಲ. ಪಾಪ್‌ಕೌಂಟ್ ಎಂಬ ಒಳ ಆಜ್ಞೆ ಇಲ್ಲದ ತೀರ ಹಳೆಯ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಅದಕ್ಕಿಂತ 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್ ಮಿಂಟ್ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಕ್ಯಾಮೆರಾ ಪರೀಕ್ಷಿಸುವುದು ಮೇಲು.

ವಿಂಡೋಸ್ 11ಕ್ಕೆ ಹೋದವರಿಗೆ ಹಿಂದಿನ ವಿಂಡೋಸ್‌ಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಅಷ್ಟರೊಳಗೆ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಲ್ಯಾಪ್‌ಟಾಪ್ ಮಲಗಿಸಿ ಎಬ್ಬಿಸಿ ನೋಡಿ. ಡಿಸ್ಕ್ ಜಾಗ ಸಾಲದೆಂದು ಹಿಂದಿನ ವಿಂಡೋಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರನ್ನು ಅಳಿಸಿದರೆ ಈ ಅವಕಾಶವೂ ಕೈತಪ್ಪುತ್ತದೆ.