ಕುರಿ ಈಯುವ ಕಾಲ: ಸಣ್ಣ ಮಂದೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ ಮತ್ತು ಮರಿಗಳ ಆರೈಕೆ

ಚಳ್ಳಕೆರೆ ಸೀಮೆಯಲ್ಲಿ ಆರಿದ್ರಾ ಮಳೆಯ ಹೊತ್ತಿಗೆ, ಅಂದರೆ ಜೂನ್ 22ರ ಆಸುಪಾಸಿನಲ್ಲಿ, ಮಂದೆಗೆ ಟಗರು ಬಿಟ್ಟರೆ ನವೆಂಬರ್ ನಡುವಿನಿಂದ ಮರಿಗಳು ನೆಲ ಕಾಣತೊಡಗುತ್ತವೆ. ಕುರಿಯ ಗಬ್ಬದ ಅವಧಿ 147ರಿಂದ 150 ದಿನ. ಬೆದೆ ಸುಮಾರು 17 ದಿನಕ್ಕೊಮ್ಮೆ ಮರಳುವುದರಿಂದ, ಟಗರನ್ನು 35 ದಿನ ಮಾತ್ರ ಮಂದೆಯೊಳಗೆ ಇಟ್ಟು ಆಮೇಲೆ ಬೇರೆ ಕಟ್ಟಿದರೆ ಪ್ರತಿ ಕುರಿಗೂ ಗಬ್ಬ ನಿಲ್ಲಲು ಎರಡು ಅವಕಾಶ ಸಿಗುತ್ತದೆ, ಈಯುವ ಕಾಲವೂ ಹೆಚ್ಚುಕಡಿಮೆ ಐದಾರು ವಾರಗಳಲ್ಲಿ ಮುಗಿಯುತ್ತದೆ. ವರ್ಷವಿಡೀ ಟಗರು ಮಂದೆಯಲ್ಲೇ ಇರುವ ಕಡೆ ಯಾವ ಕುರಿ ಯಾವ ರಾತ್ರಿ ಈಯುವುದೋ ತಿಳಿಯದೆ ಕಾಯುವವರು ದಣಿಯುತ್ತಾರೆ, ಮತ್ತು ಕೈತಪ್ಪಿ ಹೋಗುವ ಮರಿಗಳಲ್ಲಿ ಹೆಚ್ಚಿನವು ಹೋಗುವುದು ಆ ದಣಿವಿನ ರಾತ್ರಿಗಳಲ್ಲೇ. ಇಪ್ಪತ್ತೈದು ಮೂವತ್ತು ಕುರಿಗಳಿಗೆ ಒಂದು ಟಗರು ಸಾಕು. ಅದರ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿದರೆ ಹಾರಿದ ಕುರಿಯ ಬೆನ್ನಿನ ಮೇಲೆ ಗುರುತು ಉಳಿಯುತ್ತದೆ. ಹದಿನೇಳು ದಿನಗಳ ನಂತರ ಬಣ್ಣ ಬದಲಿಸಿದರೆ ಮೊದಲು ಈಯುವವು ಯಾವುವು, ಆಮೇಲಿನವು ಯಾವುವು ಎಂದು ಎರಡು ಗುಂಪು ಮಾಡಿಕೊಳ್ಳಬಹುದು. ಕಪ್ಪು ಉಣ್ಣೆಯ ಕುರಿಗಳ ಮೇಲೆ ಕೆಮ್ಮಣ್ಣು ಕಾಣುವುದಿಲ್ಲವಾದ್ದರಿಂದ ಅಲ್ಲಿ ಸುಣ್ಣದ ಬಿಳಿಪಿನ ಸೀಮೆಸುಣ್ಣದ ಪುಡಿಯನ್ನು ಬಳಸುವುದು ಒಳ್ಳೆಯದು.

ಹೊಟ್ಟೆಯೊಳಗಿನ ಮರಿ ತನ್ನ ತೂಕದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಗಳಿಸುವುದು ಕೊನೆಯ ಆರು ವಾರಗಳಲ್ಲಿ. ಅದೇ ಹೊತ್ತಿಗೆ ಗರ್ಭಕೋಶ ಹಿಗ್ಗಿ ಕುರಿಯ ಮೇವಿನ ಚೀಲಕ್ಕೆ ಜಾಗ ಕಡಿಮೆಯಾಗುತ್ತದೆ. ಹೀಗಾಗಿ ಬೇಕಾದ ಆಹಾರ ಹೆಚ್ಚು, ತಿನ್ನಲು ಆಗುವುದು ಕಡಿಮೆ. ಶೇಂಗಾ ಕಿತ್ತ ಹೊಲಗಳಲ್ಲಿ ಬಳ್ಳಿ, ಎಲೆ ಸಿಗುವ ಕಾಲವೇ ಇದಾದರೂ ಬರೀ ಬಯಲು ಮೇವನ್ನೇ ನಂಬಬಾರದು. ಒಡೆದ ಮೆಕ್ಕೆಜೋಳ, ಗೋಧಿ ಬೂಸಾ, ಶೇಂಗಾ ಹಿಂಡಿ ಬೆರೆಸಿದ ಕೈತಿಂಡಿಯನ್ನು ದಿನಕ್ಕೆ 200ರಿಂದ 300 ಗ್ರಾಂನಂತೆ, ಖನಿಜ ಮಿಶ್ರಣದೊಂದಿಗೆ, ಎರಡು ಸಲವಾಗಿ ಹಂಚಿ ಕೊಡಬೇಕು. ಹೊಸ ತಿಂಡಿಯನ್ನು ಒಮ್ಮೆಲೇ ಸುರಿಯದೆ ಒಂದು ವಾರದಲ್ಲಿ ಹಂತಹಂತವಾಗಿ ಏರಿಸಬೇಕು. ಕುರಿಯ ಮೈಯನ್ನು ಕಣ್ಣಳತೆಯಲ್ಲಿ ನೋಡಿದರೆ ಉಣ್ಣೆ ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನುಮೂಳೆಯ ಮೇಲೆ ಬೆರಳೂರಿ ನೋಡಬೇಕು. ಮೂಳೆಯ ತುದಿಗಳು ಚೂಪಾಗಿ ಕೈಗೆ ಸಿಕ್ಕರೆ ಆ ಕುರಿ ಬಡಕಲಾಗಿದೆ, ಒತ್ತಿದರೂ ಸಿಗದಿದ್ದರೆ ಅತಿಯಾಗಿ ಕೊಬ್ಬಿದೆ. ದುಂಡಗೆ, ಸ್ವಲ್ಪ ಒತ್ತಿದಾಗ ಮಾತ್ರ ತಿಳಿಯುವಂತಿರುವುದು ಸರಿಯಾದ ಮೈ.

ಅವಳಿ ಹೊತ್ತ ಕುರಿಗೆ ಈ ದಿನಗಳಲ್ಲಿ ಆಹಾರ ಸಾಲದೆ ಹೋದರೆ ಅದು ತನ್ನ ಮೈಯ ಕೊಬ್ಬನ್ನೇ ವಿಪರೀತವಾಗಿ ಕರಗಿಸಿಕೊಂಡು ನಂಜಿಗೆ ಬೀಳುತ್ತದೆ. ಮಂದೆಯಿಂದ ದೂರ ನಿಲ್ಲುವುದು, ಮೇವು ಬಿಡುವುದು, ಕಣ್ಣು ಕಾಣದಂತೆ ಗೋಡೆಗೆ ತಲೆಯೊತ್ತುವುದು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇದರ ಗುರುತುಗಳು. ನುಂಗುವ ಶಕ್ತಿಯಿರುವ ಕುರಿಗೆ ಬೆಲ್ಲದ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿ, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಮಾರನೆಯ ದಿನ ನೋಡೋಣವೆಂದರೆ ತಾಯಿಯೂ ಮರಿಯೂ ಉಳಿಯುವುದು ಕಷ್ಟ.

ಕರುಳುಬೇನೆಯ ಲಸಿಕೆಯನ್ನು ಈಯುವುದಕ್ಕೆ ಮೂರು ನಾಲ್ಕು ವಾರ ಮೊದಲು ಹಾಕಿಸಿದರೆ ತಾಯಿಯ ಮೈಯಲ್ಲಿ ಹುಟ್ಟಿದ ರೋಗನಿರೋಧಕ ಶಕ್ತಿ ಗಿಣ್ಣದ ಹಾಲಿನ ಮೂಲಕ ಮರಿಗೆ ಇಳಿಯುತ್ತದೆ. ಲಸಿಕೆಗೆ ಹಿಡಿಯುವಾಗ ಗಬ್ಬದ ಕುರಿಯನ್ನು ಓಡಿಸುವುದು, ಕೆಡಹುವುದು ಸಲ್ಲದು. ಅದೇ ದಿನ ಕೆಚ್ಚಲ ಸುತ್ತಲಿನ ಮತ್ತು ಬಾಲದ ಕೆಳಗಿನ ಉಣ್ಣೆಯನ್ನು ಕತ್ತರಿಸಿಬಿಟ್ಟರೆ ಮರಿ ತೊಟ್ಟಿನ ಬದಲು ಕೊಳೆ ಉಣ್ಣೆಯನ್ನು ಚೀಪುವುದು ತಪ್ಪುತ್ತದೆ.

ರೊಪ್ಪದ ಒಂದು ಮೂಲೆಯಲ್ಲಿ ಮೂಡುಗಾಳಿಗೆ ಗೋಣಿತಾಟಿನ ಮರೆ ಕಟ್ಟಿ, ನಾಲ್ಕೈದು ಅಡಿ ಉದ್ದಗಲದ ಚಿಕ್ಕ ಅಂಕಣಗಳನ್ನು ಬಿದಿರಿನಲ್ಲೋ ಹಳೆಯ ಗೇಟುಗಳಲ್ಲೋ ಮಾಡಿಕೊಳ್ಳಬೇಕು. ಹತ್ತು ಕುರಿಗೆ ಇಂಥ ಒಂದು ಅಂಕಣ ಸಾಕಾಗುತ್ತದೆ. ಹಳೆಯ ಹಿಕ್ಕೆ ತೆಗೆದು, ನೆಲಕ್ಕೆ ಸುಣ್ಣ ಚೆಲ್ಲಿ, ಮೇಲೆ ಒಣ ರಾಗಿಹುಲ್ಲು ಹಾಸಬೇಕು. ಒದ್ದೆ ನೆಲ ಮರಿಯ ಮೈಶಾಖವನ್ನು ಗಾಳಿಗಿಂತ ಬೇಗ ಹೀರುತ್ತದೆ. ಶೇಕಡಾ 7ರ ಟಿಂಚರ್ ಅಯೋಡಿನ್, ಶುದ್ಧ ಹತ್ತಿಬಟ್ಟೆಗಳು, ಕೈಗವಸು, ಸೋಪು, ಲಿಕ್ವಿಡ್ ಪ್ಯಾರಾಫಿನ್, ಬೆರಳುದಪ್ಪದ ಮೆತ್ತನೆಯ ದಾರ, ಥರ್ಮಾಮೀಟರ್, ತೊಟ್ಟಿನ ಬಾಟಲಿ, ಟಾರ್ಚ್, ಮರಿ ತೂಗುವ ಸ್ಪ್ರಿಂಗ್ ತಕ್ಕಡಿ ಇವೆಲ್ಲ ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಹತ್ತಿರದ ಪಶು ಆಸ್ಪತ್ರೆಯ ಸಂಖ್ಯೆಯನ್ನೂ ಅದರೊಂದಿಗೆ ಬರೆದಿಟ್ಟುಕೊಳ್ಳಬೇಕು.

ಈಯುವ ದಿನ ಹತ್ತಿರವಾದಂತೆ ಕೆಚ್ಚಲು ಬಿಗಿಯುತ್ತದೆ, ಬಾಲದ ಬುಡದ ಎರಡೂ ಕಡೆ ಗುಳಿ ಬೀಳುತ್ತದೆ. ನೋವು ಶುರುವಾದ ಕುರಿ ಮಂದೆ ಬಿಟ್ಟು ಮೂಲೆ ಹಿಡಿಯುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ಏಳುತ್ತದೆ, ಮಲಗುತ್ತದೆ, ಮೆಲ್ಲಗೆ ಗುಟುರುತ್ತದೆ. ಈ ಹಂತದಲ್ಲಿ ದೂರದಿಂದ ನೋಡುವುದೊಂದೇ ಕೆಲಸ. ನೀರುಚೀಲ ಕಾಣಿಸಿ ಒಡೆದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮರಿ ಬರುತ್ತದೆ. ಚೊಚ್ಚಲು ಕುರಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಎರಡು ಮುಂಗಾಲಿನ ಗೊರಸು, ಅವುಗಳ ಮೇಲೆ ಮೂಗು ಕಂಡರೆ ಮುಕ್ಕಾಲು ಭಾಗ ಕೆಲಸ ಮುಗಿದಂತೆ. ಜೋರಾಗಿ ಮುಕ್ಕುತ್ತಿದ್ದರೂ ಅರ್ಧ ಗಂಟೆಯಲ್ಲಿ ಮುಂದೇನೂ ಕಾಣದಿದ್ದಾಗ, ಅಥವಾ ಒಂದೇ ಕಾಲು, ಬರೀ ತಲೆ, ಬರೀ ಬಾಲ ಕಂಡಾಗ ಮಾತ್ರ ಕೈ ಹಾಕುವ ಯೋಚನೆ ಮಾಡಬೇಕು.

ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದು, ಮೊಣಕೈವರೆಗೆ ಸೋಪಿನಿಂದ ತೊಳೆದು, ಕೈಗವಸು ಹಾಕಿ, ಪ್ಯಾರಾಫಿನ್ ಸವರಿಕೊಂಡ ಮೇಲಷ್ಟೇ ಒಳಗೆ ಕೈ ಹೋಗಬೇಕು. ಸಿಕ್ಕ ಕಾಲು ಮುಂಗಾಲೋ ಹಿಂಗಾಲೋ ಎಂಬುದನ್ನು ಮೊದಲು ತಿಳಿಯಬೇಕು. ಗೊರಸಿನಿಂದ ಮೇಲಕ್ಕೆ ಬೆರಳು ಸರಿಸಿದಾಗ ಮೊದಲೆರಡು ಕೀಲುಗಳು ಒಂದೇ ದಿಕ್ಕಿಗೆ ಮಡಚಿದರೆ ಅದು ಮುಂಗಾಲು, ಒಂದಕ್ಕೊಂದು ವಿರುದ್ಧವಾಗಿ ಮಡಚಿದರೆ ಹಿಂಗಾಲು. ಒಂದು ಮುಂಗಾಲು ಹಿಂದೆ ಮಡಚಿಕೊಂಡಿದ್ದರೆ, ಕುರಿ ಮುಕ್ಕುವುದನ್ನು ನಿಲ್ಲಿಸಿದ ಕ್ಷಣ ನೋಡಿ ಮರಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಗೊರಸು ಗರ್ಭಕೋಶವನ್ನು ಸೀಳದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತರಬೇಕು. ಎಳೆಯುವುದೆಲ್ಲ ಕುರಿ ಮುಕ್ಕುವಾಗಲೇ, ಅದೂ ನೇರವಾಗಿ ಅಲ್ಲ, ಕೆಚ್ಚಲ ಕಡೆಗೆ ಬಾಗಿಸಿ. ಹಿಂಗಾಲು ಮುಂದಾಗಿ ಬರುವ ಮರಿಯನ್ನು ಹಾಗೆಯೇ ಹೊರತೆಗೆಯಬಹುದು, ಆದರೆ ಸೊಂಟ ದಾಟಿದ ಮೇಲೆ ತಡ ಮಾಡಬಾರದು. ಹೊಕ್ಕುಳಬಳ್ಳಿ ಒಳಗೆ ಒತ್ತಿಹೋಗಿ ತಲೆ ಹೊರಬರುವ ಮೊದಲೇ ಅದು ಉಸಿರೆಳೆಯಲು ಹೊರಡುತ್ತದೆ. ತಲೆ ಹಿಂದಕ್ಕೆ ತಿರುಗಿದ್ದರೆ, ಬಾಲ ಮಾತ್ರ ಸಿಗುತ್ತಿದ್ದರೆ, ಎರಡು ಮರಿಗಳ ಕಾಲು ಹೆಣೆದುಕೊಂಡಿದ್ದರೆ, ಹತ್ತು ನಿಮಿಷದಲ್ಲಿ ದಾರಿ ತೋಚದಿದ್ದರೆ ಕೈ ತೆಗೆದು ವೈದ್ಯರನ್ನು ಕರೆಯುವುದೇ ಸರಿ. ಬಲದಿಂದ ಎಳೆದು ಉಳಿಸಿದ ಮರಿಗಿಂತ ಹಾಗೆ ಎಳೆದು ಕಳೆದುಕೊಂಡ ಕುರಿಗಳೇ ಹೆಚ್ಚೆಂಬುದು ನನ್ನ ಅನುಭವ.

ಹುಟ್ಟಿದ ಮರಿಯ ಬಾಯಿ ಮೂಗಿನ ಲೋಳೆಯನ್ನು ಒರೆಸಬೇಕು. ಉಸಿರಾಡದಿದ್ದರೆ ಮೂಗಿನ ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿ, ಒರಟು ಬಟ್ಟೆಯಿಂದ ಎದೆಯನ್ನು ಗಟ್ಟಿಯಾಗಿ ಉಜ್ಜಬೇಕು. ಉಸಿರು ಬಂದೊಡನೆ ಮರಿಯನ್ನು ತಾಯಿಯ ಮೂಗಿನ ಹತ್ತಿರ ಮಲಗಿಸಿ ಹಿಂದೆ ಸರಿಯಬೇಕು. ತಾಯಿ ಮರಿಯನ್ನು ನೆಕ್ಕುತ್ತ ಅದರ ವಾಸನೆಯನ್ನು ತನ್ನದೆಂದು ಗುರುತಿಸಿಕೊಳ್ಳುವುದು ಆ ಮೊದಲ ಒಂದೆರಡು ಗಂಟೆಗಳಲ್ಲಿ. ಬಯಲಿನಲ್ಲಿ ಈದ ಕುರಿಯ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಮೊದಲೇ ಮನೆಗೆ ಕಳುಹಿಸಿ, ತಾಯಿಯನ್ನು ಸಂಜೆ ಹೊಡೆದುಕೊಂಡು ಬರುವ ರೂಢಿ ಈ ಕಾರಣಕ್ಕಾಗಿ ನನಗೆ ಒಪ್ಪಿಗೆಯಿಲ್ಲ. ತಾಯಿಮರಿ ಎರಡೂ ಒಟ್ಟಿಗೇ ಬರಬೇಕು. ಹೊಕ್ಕುಳಬಳ್ಳಿ ಉದ್ದವಿದ್ದರೆ ಎರಡು ಅಂಗುಲ ಬಿಟ್ಟು ಕತ್ತರಿಸಿ, ಚಿಕ್ಕ ಬಟ್ಟಲಿನಲ್ಲಿ ಅಯೋಡಿನ್ ಹಾಕಿ ಬಳ್ಳಿಯ ತುದಿಯನ್ನು ಬುಡದವರೆಗೆ ಅದ್ದಬೇಕು. ಈ ಅರ್ಧ ನಿಮಿಷದ ಕೆಲಸ ಬಿಟ್ಟರೆ ಸೋಂಕು ಬಳ್ಳಿಯಿಂದ ಏರಿ, ಒಂದೆರಡು ವಾರದಲ್ಲಿ ಮರಿಯ ಕೀಲುಗಳು ಊದಿ ಕುಂಟತೊಡಗುತ್ತದೆ.

ಇನ್ನು ಗಿಣ್ಣದ ಹಾಲಿನ ವಿಷಯ. ಕುರಿಯ ಹೊಟ್ಟೆಯಲ್ಲಿರುವಾಗ ಮರಿಗೆ ತಾಯಿಯ ರಕ್ತದಿಂದ ರೋಗನಿರೋಧಕ ಕಣಗಳು ದಾಟುವುದಿಲ್ಲ; ಅದು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣದ ಹಾಲಿನಲ್ಲಿರುವ ಆ ಕಣಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಆರು ಗಂಟೆಗಳಲ್ಲಿ ಚೆನ್ನಾಗಿರುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಸತ್ತೆ, ಅಂದರೆ ಈದ ಮೇಲೆ ಹೊರಬರುವ ಮಾಸು, ಬೀಳುವವರೆಗೆ ಮರಿಗೆ ಹಾಲು ಬಿಡಬಾರದೆಂಬ ನಂಬಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ. ನಡೆಯುವುದು ಇದಕ್ಕೆ ತದ್ವಿರುದ್ಧ: ಮರಿ ತೊಟ್ಟು ಚೀಪಿದಾಗಲೇ ತಾಯಿಯ ಗರ್ಭಕೋಶ ಸಂಕುಚಿಸಿ ಸತ್ತೆ ಬೇಗ ಬೀಳುತ್ತದೆ. ಮೊದಲ ಒಂದು ಗಂಟೆಯೊಳಗೆ ಕಿಲೋ ತೂಕಕ್ಕೆ 50 ಮಿಲಿಲೀಟರಿನಂತೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ನಾಲ್ಕು ಸಲ, ಗಿಣ್ಣದ ಹಾಲು ಮರಿಯ ಹೊಟ್ಟೆ ಸೇರಬೇಕು. ಎರಡೂವರೆ ಕಿಲೋ ಮರಿಗೆ ಇದು ಸಲಕ್ಕೆ ಒಂದು ಕಾಫಿ ಲೋಟದಷ್ಟು.

ಒಂದು ವರ್ಷ ನಮ್ಮ ಚೊಚ್ಚಲು ಕುರಿಯೊಂದು ರಾತ್ರಿ ಹತ್ತರ ಹೊತ್ತಿಗೆ ಅವಳಿ ಈದಿತು. ಎರಡೂ ಮರಿ ಎದ್ದು ನಿಂತು ಕೆಚ್ಚಲಿಗೆ ಬಾಯಿ ಹಾಕಿದ್ದನ್ನು ಕಂಡು ನಾನು ಮಲಗಿದೆ. ಬೆಳಗಿನ ಜಾವ ಹೋಗಿ ನೋಡಿದಾಗ ಒಂದು ಮರಿ ಬೆನ್ನು ಬಾಗಿಸಿ ನಿಂತಿತ್ತು. ಬಾಯಿಯೊಳಗೆ ಬೆರಳಿಟ್ಟರೆ ತಣ್ಣಗೆ, ಹೊಟ್ಟೆ ಖಾಲಿ ಚೀಲದಂತೆ ಬೆನ್ನಿಗಂಟಿತ್ತು. ಅದರ ಪಾಲಿನ ತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆ ಕೂತಿತ್ತು. ರಾತ್ರಿಯಿಡೀ ಚೀಪಿದರೂ ಹನಿ ಹಾಲು ಬಂದಿರಲಿಲ್ಲ. ಆ ಮರಿ ಮಧ್ಯಾಹ್ನದೊಳಗೆ ಹೋಯಿತು. ಅಂದಿನಿಂದ ಪ್ರತಿ ಸಲ ರೊಪ್ಪದಿಂದ ಬಂದಾಗ ಅಮ್ಮ ಕೇಳುವುದು ಒಂದೇ ಮಾತು: “ಹೊಟ್ಟೆ ಮುಟ್ಟಿ ನೋಡ್ದೇನಪ್ಪಾ?” ಮರಿ ಎದ್ದು ನಿಂತದ್ದು, ಚೀಪಿದ್ದು ಲೆಕ್ಕಕ್ಕಿಲ್ಲ. ಕುರಿ ಈದ ಕೂಡಲೇ ಎರಡೂ ತೊಟ್ಟನ್ನು ಒಂದೆರಡು ಧಾರೆ ಹಿಂಡಿ ಬಿರಡೆ ತೆಗೆಯಬೇಕು, ಗಂಟೆಯ ನಂತರ ಪ್ರತಿ ಮರಿಯ ಹೊಟ್ಟೆಯನ್ನು ಪಕ್ಕೆಲುಬಿನ ಹಿಂದೆ ಮುಟ್ಟಿ ಅದು ದುಂಡಗೆ ತುಂಬಿದೆಯೇ ಎಂದು ತಿಳಿಯಬೇಕು.

ಆರೋಗ್ಯವಂತ ಮರಿಯ ಮೈಶಾಖ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 99ಕ್ಕಿಂತ ಕೆಳಗಿಳಿದು, ಚೀಪುವ ಶಕ್ತಿಯಿಲ್ಲದ ಮರಿಯ ಬಾಯಿಗೆ ಹಾಲು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹುಟ್ಟಿ ಐದು ಗಂಟೆಯೊಳಗಿನ ಮರಿಯಾದರೆ ಒರೆಸಿ, ಬುಟ್ಟಿಯಲ್ಲಿ ಬಿಸಿನೀರಿನ ಬಾಟಲಿಗಳ ನಡುವೆ ಕಂಬಳಿ ಹೊದಿಸಿ ಬೆಚ್ಚಗೆ ಮಾಡಿ, ತಲೆಯೆತ್ತಿ ಚೀಪತೊಡಗಿದ ಮೇಲೆ ಗಿಣ್ಣದ ಹಾಲು ಕೊಡಬೇಕು. ಅದಕ್ಕಿಂತ ದೊಡ್ಡ ಮರಿಯಲ್ಲಿ ಹುಟ್ಟುವಾಗ ತಂದ ಕೊಬ್ಬು ಉರಿದು ಮುಗಿದಿರುತ್ತದೆ. ರಕ್ತದಲ್ಲಿ ಸಕ್ಕರೆಯಿಲ್ಲದ ಹೊತ್ತಿನಲ್ಲಿ ಬರೀ ಬಿಸಿ ಕೊಟ್ಟರೆ ಸೆಳೆತ ಬಂದು ಸಾಯಬಹುದು. ಆದ್ದರಿಂದ ಮೊದಲು ವೈದ್ಯರಿಂದ ಗ್ಲೂಕೋಸ್ ಚುಚ್ಚುಮದ್ದು ಕೊಡಿಸಿ ಆಮೇಲೆ ಬೆಚ್ಚಗೆ ಮಾಡಬೇಕು.

ತಾಯಿ ಸತ್ತರೆ ಅಥವಾ ಹಾಲು ಸಾಲದಿದ್ದರೆ ಅದೇ ದಿನ ಈದ ಬೇರೆ ಕುರಿಯ ಇಲ್ಲವೇ ಮೇಕೆಯ ಗಿಣ್ಣದ ಹಾಲು ಆಗುತ್ತದೆ. ಹೆಚ್ಚು ಹಾಲಿನ ಕುರಿಯಿಂದ ಹಿಂಡಿ ಫ್ರೀಜರಿನಲ್ಲಿ ಚಿಕ್ಕ ಡಬ್ಬಿಗಳಲ್ಲಿ ಇಟ್ಟುಕೊಳ್ಳಬಹುದು. ಬಳಸುವಾಗ ಡಬ್ಬಿಯನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ ಇಟ್ಟು ಕರಗಿಸಬೇಕು; ಒಲೆಯ ಮೇಲಿಟ್ಟರೆ ಅಡುಗೆಮನೆಯಲ್ಲಿ ಆಗುವಂತೆ ಗಟ್ಟಿ ಗಿಣ್ಣಾಗುತ್ತದೆ, ಅದರೊಳಗಿನ ರೋಗನಿರೋಧಕ ಕಣಗಳೂ ಕೆಡುತ್ತವೆ. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಒಪ್ಪಿಸುವುದಾದರೆ ಆ ಕುರಿ ಈಯುವಾಗಲೇ ಅದರ ಗರ್ಭದ ನೀರನ್ನು ತಬ್ಬಲಿಯ ಮೈಗೆಲ್ಲ ಸವರಿ, ಅದರ ಸ್ವಂತ ಮರಿಗಿಂತ ಮೊದಲು ಮುಂದಿಡಬೇಕು. ಮರಿ ಸತ್ತ ಕುರಿಯಾದರೆ ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಅಂಗಿಯಂತೆ ಎರಡು ಮೂರು ದಿನ ತೊಡಿಸಬಹುದು. ಆದರೆ ರೋಗದಿಂದ ಸತ್ತ ಮರಿಯ ಚರ್ಮ ಬಳಸಕೂಡದು.

ಸತ್ತೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಬೀಳುತ್ತದೆ. ಹನ್ನೆರಡು ಗಂಟೆ ಕಳೆದರೂ ನೇತಾಡುತ್ತಿದ್ದರೆ ಎಳೆಯದೆ ವೈದ್ಯರಿಗೆ ತೋರಿಸಬೇಕು. ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಬೇಕು. ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಹೋದ, ಕುರಿಯ ಬಳಿ ಇನ್ನೂ ಎಚ್ಚರ ಬೇಕು. ಬ್ರುಸೆಲ್ಲಾದಂಥ ರೋಗಗಳು ಮನುಷ್ಯರಿಗೂ ಅಂಟುತ್ತವೆ, ಮನೆಯ ಗರ್ಭಿಣಿಯರು ಈಯುವ ಕುರಿಗಳ ಆರೈಕೆಯಿಂದ ದೂರವಿರಬೇಕು. ಈದ ಕುರಿಗೆ ಉಗುರುಬೆಚ್ಚಗಿನ ನೀರು, ನಂತರ ಬೂಸಾ, ಹಸಿರು ಸೊಪ್ಪು ಕೊಡಬೇಕು.

ತಾಯಿಮರಿಗಳು ಅಂಕಣದಲ್ಲಿ ಒಂದೆರಡು ದಿನ, ಅವಳಿಯಾದರೆ ಮೂರು ದಿನ ಇದ್ದರೆ ಸಾಕು. ಎರಡು ವಾರದಿಂದ ಎಳೆಯ ಅಗಸೆ ಸೊಪ್ಪಿನ ಕಟ್ಟನ್ನು ಮರಿಯ ಮೂಗಿನ ಎತ್ತರಕ್ಕೆ ತೂಗುಹಾಕಿ, ಮರಿಗಳು ಮಾತ್ರ ನುಸುಳಬಲ್ಲ ಜಾಗದಲ್ಲಿ ಕೈತಿಂಡಿ ಇಡಬೇಕು. ಜಂತುನಾಶಕವನ್ನು ಮರಿಯ ತೂಕಕ್ಕೆ ತಕ್ಕಂತೆ ವೈದ್ಯರ ಸಲಹೆಯಲ್ಲಿ ಕೊಡಬೇಕು. ಕರುಳುಬೇನೆ ಮತ್ತು ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ಲಸಿಕೆಗಳನ್ನು ಮೂರು ನಾಲ್ಕು ತಿಂಗಳಿಗೆ ಹಾಕಿಸಬೇಕು.

ರೊಪ್ಪದ ಕಂಬಕ್ಕೆ ಒಂದು ನೋಟ್‌ಬುಕ್ ಕಟ್ಟಿ, ಕುರಿಯ ಗುರುತು, ಈದ ದಿನ, ಮರಿಯ ತೂಕ, ಒಂಟಿಯೋ ಅವಳಿಯೋ, ಮೂರು ತಿಂಗಳಿಗೆ ಎಷ್ಟು ಉಳಿದವು ಎಂದು ಬರೆಯಬೇಕು. ಅವಳಿಯ ಆಸೆಗೆ ಮಹಾರಾಷ್ಟ್ರದ ಫಲ್ಟಣದಲ್ಲಿ ಅಭಿವೃದ್ಧಿಯಾದ ನಾರಿ ಸುವರ್ಣ ತಳಿಯ ಟಗರನ್ನು ತರುವವರು ಹೆಚ್ಚುತ್ತಿದ್ದಾರೆ. ಆದರೆ ಎರಡು ಮರಿಗೆ ಸಾಲುವ ಮೇವು, ಹಾಲು ಇಲ್ಲದ ಮಂದೆಯಲ್ಲಿ ಅವಳಿ ಹುಟ್ಟಿದರೆ ಎರಡನೆಯದು ಹಸಿವಿನಿಂದ ಹೋಗುತ್ತದೆ. ಮೊದಲು ಆ ಪುಸ್ತಕ ನೋಡಿ, ಯಾರ ಸಹಾಯವೂ ಇಲ್ಲದೆ ಈದು, ಮರಿಯನ್ನು ನೆಕ್ಕಿ, ಹೊಟ್ಟೆ ತುಂಬಿಸಿ ಬೆಳೆಸಿದ ಕುರಿಗಳ ಹೆಣ್ಣುಮರಿಗಳನ್ನು ಮಂದೆಗೆ ಉಳಿಸಿಕೊಳ್ಳಬೇಕು. ಎರಡು ಸಲ ಮರಿಯನ್ನು ಒದ್ದು ದೂರ ಮಾಡಿದ, ಅಥವಾ ಒಂದು ಕಡೆಯ ಕೆಚ್ಚಲು ಗಟ್ಟಿಯಾದ ಕುರಿಯನ್ನು ಮುಂದಿನ ಆರಿದ್ರಾ ಬರುವ ಮೊದಲೇ ಮಾರಿಬಿಡಬೇಕು.