ಸುರತ್ಕಲ್ಲಲ್ಲಿ ಮೆಟಲರ್ಜಿ ಓದಿದ ನಾಲ್ಕು ವರ್ಷ: ನನ್ನ ಅನುಭವ

ಐಐಟಿ, ಎನ್‌ಐಟಿ ಸೀಟು ಹಂಚೋ ಜೋಸಾ ಕೌನ್ಸೆಲಿಂಗಲ್ಲಿ ಚಾಯ್ಸ್ ತುಂಬೋವಾಗ ಸುರತ್ಕಲ್ ಎನ್‌ಐಟಿಕೆಯ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಇಂಜಿನಿಯರಿಂಗ್, ಅಂದ್ರೆ ಲೋಹಗಳ ಬಗ್ಗೆ ಓದೋ ಬ್ರಾಂಚನ್ನ ನಾನು ಐದನೇದಾಗಿ ಹಾಕಿದ್ದೆ, ಸಿಕ್ಕಿದ್ದು ಅದೇ. ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು, ಹುಡುಗಿ ಕಬ್ಬಿಣದ ಫ್ಯಾಕ್ಟರಿಗೆ ಹೋಗಿ ಏನ್ ಮಾಡ್ತಾಳೆ ಅಂತ. ಅಪ್ಪ ಮಾತ್ರ "ನಮ್ ಕಡೆಗೆ ಅನ್ನ ಹಾಕಿದ್ದೇ ಕಬ್ಬಿಣ, ಹೋಗಿ ಓದು" ಅಂದ್ರು. ನಮ್ದು ಭದ್ರಾವತಿ ಹತ್ರದ ಹಳ್ಳಿ. 1918ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಬರ್ತಿತ್ತು, ಕಲ್ಲಿದ್ದಲು ಹತ್ರದಲ್ಲೆಲ್ಲೂ ಇಲ್ಲ ಅಂತ ಕಾಡಿನ ಮರ ಸುಟ್ಟ ಇದ್ದಿಲಲ್ಲೇ ಕಬ್ಬಿಣ ತೆಗೀತಿದ್ರು ಅಂತ ಚಿಕ್ಕವಳಿದ್ದಾಗಿಂದ ಕೇಳಿದ್ದೆ. ಇದ್ದಿಲು ಹಾಕಿದ್ರೆ ಅದಿರು ಯಾಕೆ ಕಬ್ಬಿಣ ಆಗುತ್ತೆ ಅಂತ ಯಾವತ್ತೂ ಕೇಳಿರ್ಲಿಲ್ಲ. ಯಾವ ಬಿಸಿಯಲ್ಲಿ ಯಾವುದು ಆಕ್ಸಿಜನ್ನನ್ನ ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅಂತ ಗೆರೆಗಳಲ್ಲಿ ತೋರಿಸೋ ಎಲ್ಲಿಂಗ್‌ಹ್ಯಾಮ್ ಡಯಾಗ್ರಾಮ್ ಪಾಠ ಮಾಡಿದ ದಿನ ಅದು ಗೊತ್ತಾಯ್ತು, ಬಿಸಿ ಏರಿದ ಹಾಗೆ ಇದ್ದಿಲಲ್ಲಿರೋ ಕಾರ್ಬನ್‌ಗೆ ಆಕ್ಸಿಜನ್ ಮೇಲಿನ ಹಿಡಿತ ಹೆಚ್ಚಾಗ್ತಾ ಹೋಗುತ್ತೆ, ಅದರ ಗೆರೆ ಕೆಳಗಿಳೀತಾ ಬಂದು ಒಂದು ಕಡೆ ಅದಿರಲ್ಲಿರೋ ಕಬ್ಬಿಣದ ಆಕ್ಸೈಡಿನ ಗೆರೆನ ದಾಟುತ್ತೆ, ಅಲ್ಲಿಂದಾಚೆಗೆ ಆಕ್ಸಿಜನ್ ಕಾರ್ಬನ್ ಪಾಲು, ಉಳಿಯೋದು ಕಬ್ಬಿಣ. ಅವತ್ತು ರಾತ್ರಿನೇ ಅಪ್ಪಂಗೆ ಫೋನ್ ಮಾಡಿ ಹೇಳಿದೆ.

ಫಸ್ಟ್ ಇಯರ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಎಲ್ಲ ಬ್ರಾಂಚಿಗೂ ಒಂದೇ ಮ್ಯಾಥ್ಸು ಫಿಸಿಕ್ಸು. ಕಷ್ಟ ಶುರುವಾಗಿದ್ದು ಸೆಕೆಂಡ್ ಇಯರಲ್ಲಿ, ಎಷ್ಟು ಕಾರ್ಬನ್ ಇರೋ ಕಬ್ಬಿಣ ಯಾವ ಬಿಸಿಯಲ್ಲಿ ಯಾವ ರೂಪದಲ್ಲಿರುತ್ತೆ ಅಂತ ತೋರಿಸೋ ಐರನ್ ಕಾರ್ಬನ್ ಡಯಾಗ್ರಾಮಿಂದ. ನಾನು ಪಿಯುಸಿ ಅಭ್ಯಾಸದಲ್ಲೇ ಅದನ್ನ ಬಾಯಿಪಾಠ ಹೊಡ್ದೆ, 727 ಡಿಗ್ರಿ, 0.76 ಪರ್ಸೆಂಟ್, 912ರಲ್ಲಿ ಕಬ್ಬಿಣದ ಪರಮಾಣುಗಳ ಜೋಡಣೆ ಬಿಸಿಸಿ ಇಂದ ಎಫ್‌ಸಿಸಿ, ಎಲ್ಲ ನಂಬರೂ ನಿದ್ದೆಯಲ್ಲೂ ಹೇಳ್ತಿದ್ದೆ. ಮಿಡ್ ಸೆಮ್ಮಲ್ಲಿ "0.4 ಪರ್ಸೆಂಟ್ ಕಾರ್ಬನ್ ಇರೋ ಸ್ಟೀಲನ್ನ ನಿಧಾನಕ್ಕೆ ತಣ್ಣಗೆ ಮಾಡ್ತಾ ಬಂದ್ರೆ ಒಳಗೆ ಏನೇನಾಗುತ್ತೆ, ಚಿತ್ರ ಬರೆದು ವಿವರಿಸಿ" ಅಂತ ಬಂತು, ಪೆನ್ನು ಹಿಡ್ಕೊಂಡು ಸುಮ್ನೆ ಕೂತಿದ್ದೆ. ನಂಬರ್ ಗೊತ್ತಿತ್ತು, ಒಳಗೆ ಏನಿದೆ ಅಂತ ಕಣ್ಣಿಗೆ ಕಂಡೇ ಇರ್ಲಿಲ್ಲ. ಅದು ಕಂಡಿದ್ದು ಲೋಹದ ಒಳರಚನೆನ ಮೈಕ್ರೋಸ್ಕೋಪಲ್ಲಿ ನೋಡೋ ಮೆಟಲೋಗ್ರಫಿ ಲ್ಯಾಬಲ್ಲಿ, ಈ ಕೋರ್ಸಿಗೆ ಬರೋರಿಗೆಲ್ಲ ನಾನು ಮೊದಲು ಹೇಳೋದು ಆ ಲ್ಯಾಬನ್ನ ಬೇಗ ಮುಗಿಸಿ ಎದ್ದು ಹೋಗ್ಬೇಡಿ ಅಂತಲೇ.

ಸ್ಟೀಲಿನ ಸಣ್ಣ ತುಂಡನ್ನ ಬೇಕಲೈಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಲ್ಲಿ ಕೂರಿಸಿ 220 ನಂಬರ್ ಎಮರಿ ಪೇಪರಿಂದ ಶುರು ಮಾಡಿ 400, 600, 800, 1000 ಹೀಗೆ ಉಜ್ತಾ ಹೋಗ್ಬೇಕು, ಪ್ರತಿ ಪೇಪರಿಗೂ ತುಂಡನ್ನ 90 ಡಿಗ್ರಿ ತಿರುಗಿಸ್ಬೇಕು, ಆಗ ಹಿಂದಿನ ಪೇಪರಿನ ಗೀರೆಲ್ಲ ಹೋಯ್ತಾ ಇಲ್ವಾ ಅಂತ ಕಾಣುತ್ತೆ. ನಂಗೆ ಗೀರು ಹೋಗ್ತಾನೇ ಇರ್ಲಿಲ್ಲ, ಬೆರಳು ಕಪ್ಪಾಗಿ ಉಗುರೆಲ್ಲ ಸವೆದಿತ್ತು. ಲ್ಯಾಬ್ ನೋಡ್ಕೊಳ್ತಿದ್ದ ಅಣ್ಣ ಮಂಗಳೂರು ಕಡೆಯೋರು, ಬಂದು ನೋಡಿ "ಎಂತ ಮಾರಾಯ್ತಿ ಇಷ್ಟು ಒತ್ತುದು, ಮೆಲ್ಲ ಮಾಡು, ಒತ್ತಿದಷ್ಟು ಹೊಸ ಗೀರು ಬೀಳ್ತದೆ" ಅಂದ್ರು. ಮೆಲ್ಲ ಮಾಡಿದೆ, ಕೊನೆಗೆ ಬಟ್ಟೆ ಮೇಲೆ ಅಲ್ಯುಮಿನಾ ಹಾಕಿ ತಿಕ್ಕಿದ್ಮೇಲೆ ಕನ್ನಡಿ ಥರ ಮುಖ ಕಾಣ್ತು. ಹಾಗೇ ಮೈಕ್ರೋಸ್ಕೋಪಲ್ಲಿ ಇಟ್ರೆ ಬರೀ ಬೆಳ್ಳಗೆ, ಏನೂ ಇಲ್ಲ. ನೈಟಾಲ್ ಅಂದ್ರೆ ಆಲ್ಕೋಹಾಲಲ್ಲಿ 2 ಪರ್ಸೆಂಟ್ ನೈಟ್ರಿಕ್ ಆಸಿಡ್, ಅದನ್ನ ಕೆಲವೇ ಸೆಕೆಂಡ್ ಸವರಿ ಕನ್ನಡಿ ಮಂಕಾಗ್ತಿದ್ದ ಹಾಗೇ ತೊಳೆದು ಒಣಗಿಸಿ ಮತ್ತೆ ಇಟ್ಟೆ.

ಅರ್ಧ ಬಿಳಿ, ಅರ್ಧ ಕಪ್ಪು. ಬಿಳಿದೆಲ್ಲ ಫೆರೈಟ್, ಅಂದ್ರೆ ಹೆಚ್ಚುಕಮ್ಮಿ ಶುದ್ಧ ಕಬ್ಬಿಣ, ಕಪ್ಪುದು ಪರ್ಲೈಟ್, ದೊಡ್ಡ ಲೆನ್ಸ್ ಹಾಕಿದ್ರೆ ಕಪ್ಪಿನೊಳಗೆ ನೇಗಿಲ ಸಾಲಿನ ಥರ ಸಣ್ಣ ಸಣ್ಣ ಗೆರೆ, ಒಂದು ಫೆರೈಟ್, ಒಂದು ಕಬ್ಬಿಣ ಕಾರ್ಬನ್ ಸೇರಿ ಆದ ಸಿಮೆಂಟೈಟ್. ಹಾಸ್ಟೆಲಿಗೆ ಹೋಗಿ ಡಯಾಗ್ರಾಮಿಂದ ಯಾವ ಭಾಗ ಎಷ್ಟಿದೆ ಅಂತ ತೆಗೆಯೋ ಲಿವರ್ ರೂಲ್ ಹಾಕಿ ಲೆಕ್ಕ ಮಾಡಿದೆ, 0.4 ಪರ್ಸೆಂಟಿಗೆ ಪರ್ಲೈಟ್ 51 ಪರ್ಸೆಂಟ್ ಬಂತು. ಕಣ್ಣಲ್ಲಿ ಅರ್ಧ, ಪುಸ್ತಕದಲ್ಲಿ ಅರ್ಧ. ಆ ರಾತ್ರಿಯಿಂದ ಐರನ್ ಕಾರ್ಬನ್ ಥರದ ಫೇಸ್ ಡಯಾಗ್ರಾಮ್ ಅಂದ್ರೆ ನಂಗೆ ಭಯ ಹೋಯ್ತು. ಆಮೇಲೆ ಯಾವ ಡಯಾಗ್ರಾಮ್ ಬಂದ್ರೂ ಮೊದಲು ಒಂದು ಕಾಂಪೊಸಿಷನ್ ಹಿಡಿದು ಮೇಲಿಂದ ಕೆಳಗೆ ಒಂದು ಗೆರೆ ಎಳೆದು, ಗೆರೆ ಮೇಲೆ ನಾಲ್ಕು ಟೆಂಪರೇಚರಲ್ಲಿ ನಿಂತು ನಾಲ್ಕು ರೌಂಡ್ ಬರೆದು ಒಳಗೆ ಏನಿದೆ ಅಂತ ತುಂಬಿಸ್ತಿದ್ದೆ, ನಂಬರ್ ತಾನಾಗೇ ನೆನಪಲ್ಲಿ ಉಳೀತಿತ್ತು.

ಒಂದ್ಸಲ ಎಚ್ ಮಾಡಿದ, ಅಂದ್ರೆ ನೈಟಾಲ್ ಸವರಿದ ಸ್ಯಾಂಪಲನ್ನ ಟೇಬಲ್ ಮೇಲೇ ಬಿಟ್ಟು ಹೋಗಿದ್ದೆ, ಮಾರನೇ ದಿನ ವೈವಾ. ಸುರತ್ಕಲ್ ಸಮುದ್ರದ ಪಕ್ಕ, ಬೆಳಗ್ಗೆ ಬಂದು ನೋಡಿದ್ರೆ ಮೇಲೆಲ್ಲ ಕೆಂಪು ತುಕ್ಕಿನ ಚುಕ್ಕಿ. ಮತ್ತೆ 400ರಿಂದ ಉಜ್ಜಿದೆ, ವೈವಾಗೆ ಒದ್ದೆ ಕೈಯಲ್ಲೇ ಹೋದೆ. ತೇವ ಹೀರೋ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್ ಡಬ್ಬಿಯಲ್ಲಿ ಇಡ್ಬೇಕು ಅಂತ ಮ್ಯಾನ್ಯುಯಲಲ್ಲೇ ಬರೆದಿತ್ತು.

ಹೀಟ್ ಟ್ರೀಟ್‌ಮೆಂಟ್ ಲ್ಯಾಬಲ್ಲಿ ಅದೇ ರಾಡಿನ ಮೂರು ತುಂಡನ್ನ 850 ಡಿಗ್ರಿಗೆ ಕಾಯಿಸಿ ಒಂದನ್ನ ಫರ್ನೇಸಲ್ಲೇ ಬಿಟ್ವಿ, ಒಂದನ್ನ ಗಾಳಿಯಲ್ಲಿ ಇಟ್ವಿ, ಒಂದನ್ನ ನೀರಿಗೆ ಹಾಕಿದ್ವಿ. ನೀರಿಗೆ ಹಾಕಿದ್ದು ಗಟ್ಟಿತನ ಅಳೆಯೋ ರಾಕ್‌ವೆಲ್ ಸಿ ಸ್ಕೇಲಲ್ಲಿ 54 ಬಂತು, ಫರ್ನೇಸಲ್ಲಿ ಬಿಟ್ಟಿದ್ದು ಎಷ್ಟು ಮೆತ್ತಗಿತ್ತು ಅಂದ್ರೆ ಆ ಸ್ಕೇಲಲ್ಲಿ ಅಳೆಯೋಕೇ ಆಗ್ಲಿಲ್ಲ. ಒಂದೇ ರಾಡು, ಕಾರ್ಬನ್ ಒಂದೇ! ಬೇಗ ತಣ್ಣಗಾದಾಗ ಕಾರ್ಬನ್‌ಗೆ ಹೊರಗೆ ಹೋಗೋಕೆ ಟೈಮ್ ಸಿಗದೆ ಹರಳಿನೊಳಗೇ ಸಿಕ್ಕಾಕ್ಕೊಳ್ಳುತ್ತೆ, ಅದೇ ಮಾರ್ಟೆನ್ಸೈಟ್. ಗಟ್ಟಿ, ಆದ್ರೆ ಕೆಳಗೆ ಬಿದ್ರೆ ಒಡೆಯೋಷ್ಟು ಪೆಡಸು. ಮತ್ತೆ ಸ್ವಲ್ಪ ಕಾಯಿಸಿ ಟೆಂಪರ್ ಮಾಡಿದ್ರೆ ಹದಕ್ಕೆ ಬರುತ್ತೆ. ಹದ ಅನ್ನೋ ಮಾತು ಕ್ಲಾಸಲ್ಲಿ ಯಾರೂ ಹೇಳ್ಲಿಲ್ಲ, ನಂಗೆ ತಕ್ಷಣ ಹೊಳೆದಿದ್ದು ನಮ್ಮೂರ ಕುಲುಮೆ. ರಜಕ್ಕೆ ಹೋದಾಗ ಹೋಗಿ ಕೂತೆ. ಲಾರಿಯ ಹಳೇ ಲೀಫ್ ಸ್ಪ್ರಿಂಗಲ್ಲಿ ಕತ್ತಿ ಮಾಡ್ತಾರೆ, ಕೆಂಪಗೆ ಕಾಯಿಸಿ ಬಾಯಿ ಅಂಚನ್ನ ಮಾತ್ರ ನೀರಿಗೆ ಅದ್ದಿ ತೆಗೀತಾರೆ, ಬೆನ್ನಲ್ಲಿ ಉಳಿದ ಬಿಸಿ ಅಂಚಿಗೆ ಹರಿದು ಬರೋವಾಗ ಹೊಂಬಣ್ಣ, ಆಮೇಲೆ ಕಂದು, ಆಮೇಲೆ ನೀಲಿ ಓಡುತ್ತೆ, ಬಣ್ಣ ನೋಡಿ ಪೂರ್ತಿ ಮುಳುಗಿಸ್ತಾರೆ. ನಮ್ ಪಾಠದಲ್ಲಿ ಟೆಂಪರ್ ಕಲರ್ ಅಂತ ಒಂದು ಟೇಬಲ್ ಇತ್ತು, ಆ ಟೇಬಲ್ ಪೂರ್ತಿ ಅಲ್ಲಿ ಕಣ್ಣೆದುರು ಓಡ್ತಿತ್ತು. ಒಂದು ಮುರಿದ ಕತ್ತಿ ಕೇಳಿ ತಂದು ಲ್ಯಾಬಲ್ಲಿ ಪಾಲಿಶ್ ಮಾಡಿದೆ, ಅಂಚಿನಲ್ಲಿ ಟೆಂಪರ್ಡ್ ಮಾರ್ಟೆನ್ಸೈಟಿನ ಸೂಜಿ, ಬೆನ್ನಿನ ಕಡೆ ಪರ್ಲೈಟ್. ಹಳೇ ಕಾಲದ ದಕ್ಷಿಣ ಭಾರತದ ಹೆಸರುವಾಸಿ ಸ್ಟೀಲಿಗಿದ್ದ ವೂಟ್ಜ್ ಅನ್ನೋ ಹೆಸರು ನಮ್ಮ ಉಕ್ಕು ಅನ್ನೋ ಪದದಿಂದಲೇ ಬಂದಿದ್ದು ಅಂತ ಹೇಳ್ತಾರೆ, ಅದನ್ನ ಓದಿದಾಗ ಆಗದಿದ್ದ ಹೆಮ್ಮೆ ಆ ಮುರಿದ ಕತ್ತಿ ನೋಡಿ ಆಯ್ತು.

ಥರ್ಡ್ ಇಯರ್ ಬೇಸಿಗೆಗೆ ಲೋಹ ಕರಗಿಸಿ ಅಚ್ಚಿಗೆ ಸುರಿಯೋ ಒಂದು ಫೌಂಡ್ರಿಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಮೊದಲ ವಾರ "ಮೇಡಂ ನೀವು ಆಫೀಸಲ್ಲೇ ಕೂತ್ಕೊಳ್ಳಿ, ರಿಪೋರ್ಟ್ ನಾವೇ ಕೊಡ್ತೀವಿ" ಅಂದ್ರು, ನನ್ನ ಅಳತೆಯ ಸೇಫ್ಟಿ ಶೂನೂ ಇರ್ಲಿಲ್ಲ. ನಂಗೆ ತುಂಬ ಬೇಜಾರಾಯ್ತು. ನಾನೇ ಶೂ ತಗೊಂಡು ಹೋಗಿ ದಿನಾ ಕೇಳಿ ಕೇಳಿ ಮೆಲ್ಟಿಂಗ್ ಕಡೆ ಹೋದೆ. ಒಳಗಿನ ಗ್ರಾಫೈಟು ಉಂಡೆಯಾಗಿರೋ ಎರಕದ ಕಬ್ಬಿಣ ಎಸ್‌ಜಿ ಐರನ್‌ಗೆ ಮೆಗ್ನೀಷಿಯಮ್ ಹಾಕಿದ ತಕ್ಷಣ ಕರಗಿದ ಕಬ್ಬಿಣ ಇರೋ ಲ್ಯಾಡಲ್ಲಿಂದ ಬೆಳ್ಳನೆ ಬೆಳಕು ಏಳುತ್ತೆ, ಅಲ್ಲಿಂದ ಗಡಿಯಾರ ಶುರು, ಸುರಿಯೋದು ತಡ ಆದ್ರೆ ಮೆಗ್ನೀಷಿಯಮ್ ಆರಿಹೋಗಿ ಗ್ರಾಫೈಟು ಉಂಡೆ ಆಗೋ ಬದಲು ಮತ್ತೆ ಎಸಳಿನ ಥರ ಹರಡ್ಕೊಳ್ಳುತ್ತೆ, ಎಳೆದ್ರೆ ಮುರಿಯುತ್ತೆ. ಒಂದು ದಿನ ಕ್ರೇನ್ ಸಿಕ್ಕಾಕ್ಕೊಂಡು ಸುರಿಯೋದು ತಡ ಆಯ್ತು, ಕೊನೇ ಮೋಲ್ಡಿನ ಟೆಸ್ಟ್ ಪೀಸನ್ನ ನಾನೇ ಪಾಲಿಶ್ ಮಾಡಿ ಎಸಳು ತೋರಿಸಿದೆ, ಆ ಲಾಟನ್ನ ತಡೆ ಹಿಡಿದ್ರು. ಅವತ್ತಿಂದ ಆಫೀಸಲ್ಲಿ ಕೂತ್ಕೊಳ್ಳಿ ಅಂತ ಯಾರೂ ಹೇಳ್ಲಿಲ್ಲ.

ಕೆಲಸದ ವಿಷಯ ತುಂಬ ಜನ ಕೇಳ್ತಾರೆ. ನಮ್ ಕ್ಲಾಸಲ್ಲಿ ಸಾಫ್ಟ್‌ವೇರಿಗೆ ಹೋದೋರು ಇದಾರೆ, ಸ್ಟೀಲ್ ಪ್ಲಾಂಟಿಗೆ ಹೋದೋರು ಇದಾರೆ. ಎಂಟೆಕ್ಕಿಗೆ ಗೇಟ್ ಪರೀಕ್ಷೆ ಬರೆಯೋರಿಗೆ ಮೆಟಲರ್ಜಿಯ ಎಂಟಿ ಪೇಪರ್ ಇದೆ, ಮೆಟೀರಿಯಲ್ಸ್ ಸೈನ್ಸ್ ಇಷ್ಟ ಇರೋರಿಗೆ ಇಂಜಿನಿಯರಿಂಗ್ ಸೈನ್ಸಸ್ಸಿನ ಎಕ್ಸ್‌ಇ ಪೇಪರಲ್ಲೂ ಆ ಸೆಕ್ಷನ್ ಇದೆ. ನಾನು ಎಂಟಿ ಬರೆದೆ, ಥರ್ಮೋಡೈನಮಿಕ್ಸನ್ನ ಸೆಕೆಂಡ್ ಇಯರಲ್ಲೇ ಗಟ್ಟಿ ಮಾಡ್ಕೊಂಡಿದ್ದು ಎಲ್ಲಕ್ಕಿಂತ ಜಾಸ್ತಿ ಕೈ ಹಿಡೀತು, ಅದು ಸಡಿಲ ಇದ್ರೆ ಅದಿರಿಂದ ಲೋಹ ತೆಗೆಯೋ ಎಕ್ಸ್‌ಟ್ರಾಕ್ಟಿವ್ ಮೆಟಲರ್ಜಿನೂ ತುಕ್ಕಿನ ಪಾಠ ಕರೋಷನ್ನೂ ಎರಡೂ ತಲೆಗೆ ಹೋಗಲ್ಲ. ಈಗ ಅಡ್ಮಿಷನ್ ತಗೊಂಡಿರೋರು ಒಂದು ನೋಟ್‌ಬುಕ್ ಬೇರೆ ಇಡಿ, ನೋಡಿದ ಪ್ರತಿ ಮೈಕ್ರೋಸ್ಟ್ರಕ್ಚರನ್ನ ಪೆನ್ಸಿಲಲ್ಲಿ ಬರೆದು ಪಕ್ಕದಲ್ಲಿ ಕಾಂಪೊಸಿಷನ್ನು, ಹೇಗೆ ತಣ್ಣಗೆ ಮಾಡಿದ್ದು, ಹಾರ್ಡ್‌ನೆಸ್ ಎಷ್ಟು ಬಂತು ಅಂತ ಬರ್ಕೊಳ್ಳಿ. ನನ್ನ ನೋಟ್‌ಬುಕ್ಕಿನ ಮೂಲೆಯಲ್ಲೆಲ್ಲ ನೈಟಾಲ್ ಬಿದ್ದು ಹಳದಿ ಆಗಿದೆ, ಈಗಲೂ ಕೆಲಸಕ್ಕೆ ಹೋಗೋವಾಗ ಬ್ಯಾಗಲ್ಲಿ ಇಟ್ಕೊಂಡೇ ಹೋಗ್ತೀನಿ.